ಹುಲ್ಲುಗಾಡಿಯ ಆಯುಧಪೂಜೆ

ನಂಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ ಅಂತ ನಮ್ಮನೆಯವರು ಊರಿಗೆಲ್ಲ ಹೇಳ್ಕೊಂಡು ಬಂದಿದಾರೆ. ಇರ್ಲಿ. ಕೈಮುಗಿಯೋ ವಿಷಯ ಬಂದ್ರೂ ನಾನು ಹಿಂದೆ ಬೀಳೋಳಲ್ಲ. ಕಲ್ಕತ್ತಾದ ಸಾಲ್ಟ್ ಲೇಕಿನ ನಮ್ಮ ಬಾಡಿಗೆ ಮನೆ ಗ್ಯಾರೇಜಲ್ಲಿ ಹುಲ್ಲು ಕತ್ತರಿಸೋ ಗಾಡಿ ಒಂದು ನಿಂತಿದೆ. ದಿನಾ ಬೆಳಿಗ್ಗೆ ದೇವರಿಗೆ ಇಟ್ಟು ಮಿಕ್ಕಿದ ಹೂವಲ್ಲಿ ಒಂದನ್ನ ಅದರ ಸೀಟಿನ ಮೇಲೆ ಇಟ್ಟು ಬರ್ತೀನಿ. ನಗೋರು ನಗ್ಲಿ.

ನಮ್ಮನೆಯವರು ಶ್ಯಾಮಸುಂದರ, ಹೌರಾದಲ್ಲಿ ರೈಲು ಬೋಗಿಗಳ ದೀಪ, ಫ್ಯಾನು, ಬ್ಯಾಟರಿ ನೋಡ್ಕೊಳ್ತಿದ್ರು. ಮೈಸೂರಿಂದ ಬಂದು ಇಪ್ಪತ್ತೆಂಟು ವರ್ಷ ಬ್ಯಾಟರಿಗಳ ಜೊತೆ ಸಂಸಾರ ಮಾಡಿದ್ರು, ಮಿಕ್ಕ ಹೊತ್ತಲ್ಲಿ ನನ್ನ ಜೊತೆ. ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಬಸ್ಸಿಂದ ಇಳಿಯೋವಾಗ ಜಾರಿ, ಬಲಪಾದ ಚಕ್ರದಡಿ ಸಿಕ್ತು. ಪಾದ ಉಳೀತು, ಆದ್ರೆ ಸೊಟ್ಟಗಾಯ್ತು. ಕೋಲು ಹಿಡ್ಕೊಂಡು ದಿನಾ ನಡೀರಿ ಅಂದ್ರು ಡಾಕ್ಟ್ರು. ಇವರು ಮನೆಯೊಳಗೆ ನಡೆದ್ರೇ ಹೊರತು ಹೊಸ್ತಿಲು ದಾಟ್ಲಿಲ್ಲ. "ಕುಂಟೋದನ್ನ ಬೀದಿಯೋರೆಲ್ಲ ನೋಡ್ಬೇಕಾ?" ಅಂತ. ನೌಕರಿ ಬಿಟ್ರು. ಕಿಟಕಿ ಪಕ್ಕ ಒಂದು ಮಡಚೋ ಮರದ ಕುರ್ಚಿ, ಅದಕ್ಕೆ ನಾನು ಹೊಲಿದ ಕೆಂಪು ಚೌಕಳಿ ಮೆತ್ತೆ. ಎರಡು ವರ್ಷ ಅಲ್ಲೇ. ಅಯ್ಯೋ, ಆ ಕುರ್ಚಿ ಕಂಡ್ರೆ ನಂಗೆ ಮೈಯೆಲ್ಲ ಉರಿಯೋದು.

ಒಂದು ಭಾನುವಾರ ಚಂದ್ರಹಾಸ ಊಟಕ್ಕೆ ಬಂದಿದ್ದ. ನಮ್ಮ ಪರಿಚಯದ ಮಂಗಳೂರಿನ ಹುಡುಗ, ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನೀಲಿ ಕಟ್ಟಡ, ತೋಟ ಎಲ್ಲ ನೋಡ್ಕೊಳ್ಳೋ ಮ್ಯಾನೇಜರು. ಆಗ ಅಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳ್ತಿತ್ತಲ್ಲ. "ಜನ ತಗೊಳ್ತಾನೇ ಇದಾರೆ ಮಾರಾಯ್ರೆ, ಕೂರಿಸ್ಲಿಕ್ಕೆ ಜಾಗ ಇಲ್ಲ. ಹುಲ್ಲುಹಾಸು ಅಗೆದು ಇನ್ನೊಂದು ಬಿಲ್ಡಿಂಗ್. ಹುಲ್ಲು ಕತ್ತರಿಸ್ಲಿಕ್ಕೆ ಫಾರಿನ್ನಿಂದ ತರಿಸಿದ ಗಾಡಿ ಇತ್ತು, ಕೂತು ಓಡಿಸೋದು, ಪೆಟ್ರೋಲ್ ಬೇಡ, ಬರೀ ಬ್ಯಾಟರಿ. ಅದೂ ಸತ್ತು ಬಿದ್ದಿದೆ" ಅಂದ.

ಇವರು ಸಾರನ್ನ ಕಲಸೋದು ನಿಲ್ಲಿಸಿದ್ರು. "ಬ್ಯಾಟರಿಗೆ ಯಾವ ನೀರು ಹಾಕ್ತಿದ್ರು?"

"ಮಾಲಿಗಳು ನಲ್ಲಿ ನೀರು ಹಾಕ್ತಿದ್ರು ಅಂತ ಕಾಣ್ತದೆ."

"ಥೂ!" ಅಂದ್ರು ಇವರು. ಎರಡು ವರ್ಷದಲ್ಲಿ ಅವರು ಮನಸ್ಸಿಟ್ಟು ಆಡಿದ ಮೊದಲ ಮಾತು ಆ ಥೂ. ನಾನು ಒಳಗೆ ಹೋಗಿ ಸೆರಗಲ್ಲಿ ಕಣ್ಣೊರೆಸ್ಕೊಂಡು ಚಂದ್ರಹಾಸನಿಗೆ ಇನ್ನೆರಡು ಹಪ್ಪಳ ತಂದು ಹಾಕ್ದೆ.

ಗುಜರಿಗೆ ಹೋಗೋದು ನಿಮ್ಮನೆಗೆ ಬಂತು ಅಂತ ಅವನು ಗಾಡೀನ ಲಾರೀಲಿ ಕಳಿಸಿಕೊಟ್ಟ. ಆ ಹುಡುಗ ನೂರು ವರ್ಷ ಬಾಳ್ಲಿ. ನಾಲ್ಕು ಚಕ್ರ, ಒಂದು ಸ್ಟೇರಿಂಗು, ಹೊಟ್ಟೆ ಕೆಳಗೆ ಕತ್ತಿ, ಸೀಟಿನಡಿ ಬ್ಯಾಟರಿಗಳು. ಇವರು ಗ್ಯಾರೇಜಲ್ಲಿ ಮಣೆ ಹಾಕ್ಕೊಂಡು ಕೂತು ಹಳೇ ಬ್ಯಾಟರಿ ತೆಗೆಸಿದ್ರು, ಹೊಸದು ತರಿಸಿದ್ರು, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಬಾಟಲಿಗೆ ನನ್ನ ಉಪ್ಪಿನಕಾಯಿ ಕಪಾಟಲ್ಲಿ ಜಾಗ ಮಾಡಿದ್ರು. ಬೈದೆ. ಯಾರು ಕೇಳ್ತಾರೆ!

ನಮ್ಮ ಬ್ಲಾಕಿನ ಪಾರ್ಕಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಮಂಗಳವಾರ, ಶನಿವಾರ ಬೆಳಿಗ್ಗೆ ಇವರು ಗ್ಯಾರೇಜಲ್ಲೇ ಗಾಡಿ ಹತ್ತಿ ಹೊರಡೋರು. ಸದ್ದೇ ಇಲ್ಲ, ಬರೀ ಗುಯ್ ಅನ್ನುತ್ತೆ. ಮಕ್ಕಳು ಹಿಂದೆ ಓಡೋವು. ಬೆಂಚಲ್ಲಿ ಕೂತ ರಿಟೈರ್ಡ್ ಬಾಬುಗಳು "ಶ್ಯಾಮ್‌ದಾ, ಈ ಕಡೆ, ಈ ಕಡೆ" ಅಂತ ಕೈ ತೋರಿಸೋರು. ದಾ ಅಂದ್ರೆ ಇಲ್ಲಿ ಅಣ್ಣ. ಇವರೂ ನಗೋರು! ಆದ್ರೆ ಗಾಡಿಯಿಂದ ಮಾತ್ರ ಇಳೀತಿರ್ಲಿಲ್ಲ. ಟೀ ಕೊಟ್ರೂ ಸೀಟಲ್ಲೇ ಕುಡಿಯೋದು. ಅದರ ಮೇಲೆ ಕೂತಿದ್ರೆ ಕಾಲು ಯಾರಿಗೂ ಕಾಣಲ್ಲ. ನಂಗೆ ಗೊತ್ತಿತ್ತು, ಸುಮ್ಮನಿದ್ದೆ. ಅಷ್ಟಾದ್ರೂ ಆಯ್ತಲ್ಲ, ತಾಯಿ.

ಆ ವರ್ಷದ ನವರಾತ್ರಿ ಬಂತು. ಪಾರ್ಕಲ್ಲಿ ದುರ್ಗಾಪೂಜೆ ಪೆಂಡಾಲು ಎದ್ದಿತ್ತು. ಇಲ್ಲಿಯವರು ಯಂತ್ರಗಳಿಗೆ ವಿಶ್ವಕರ್ಮ ಪೂಜೇಲಿ, ಸೆಪ್ಟೆಂಬರಲ್ಲೇ ಪೂಜೆ ಮುಗಿಸಿರ್ತಾರೆ. ನಮಗೆ ನವಮಿ ದಿನವೇ ಆಯುಧಪೂಜೆ. ಮೈಸೂರಲ್ಲಿ ನಮ್ಮಪ್ಪ ಆ ದಿನ ಸೈಕಲ್ಲಿಂದ ಹಿಡಿದು ಪಕ್ಕದ ಮನೆ ಜೀಪಿನ ತನಕ ಬಿಂದಿಗೆಗಟ್ಟಲೆ ನೀರು ಸುರಿದು ತೊಳೀತಿದ್ದ. ತೊಳೀದೆ ಪೂಜೆ ಉಂಟೇ? ಇವರು ಸ್ನಾನಕ್ಕೆ ಹೋದಾಗ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ನಾನು ಸೆರಗು ಸಿಕ್ಕಿಸ್ಕೊಂಡು ಗ್ಯಾರೇಜಿಗೆ ಇಳಿದೆ. ಹತ್ತು ಬಕೆಟ್ಟು. ಸೀಟೆತ್ತಿ ಒಳಗೂ ಸುರಿದೆ, ಮೂಲೇಲಿ ಧೂಳಿತ್ತು ಅಂತ. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಕರೆದೆ. "ಏನೂಂದ್ರೆ, ಬನ್ನಿ, ನಿಂಬೆಹಣ್ಣು ಹತ್ತಿಸಿ."

ಇವರು ಪಂಚೆ ಉಟ್ಕೊಂಡು ಬಂದು ಕೂತ್ರು. ಕೀಲಿ ತಿರುಗಿಸಿದ್ರು. ಚಿಟ್ ಅಂತು. ಸುಟ್ಟ ವಾಸನೆ. ಆಮೇಲೆ ಏನೂ ಇಲ್ಲ.

"ನೀರು ಹಾಕಿದ್ಯಾ?"

"ತೊಳ್ದೆ..."

ಬೈಲಿಲ್ಲ ಅವರು. ಬೈದಿದ್ರೆ ಚೆನ್ನಾಗಿರ್ತಿತ್ತು. ಇಳಿದು, ಸೀಟೆತ್ತಿ, ಬ್ಯಾಟರಿ ವೈರುಗಳನ್ನ ಬಿಚ್ಚಿದ್ರು. ಒಳಗಡೆಯಿಂದ ನೀರು ತೊಟತೊಟ ಸುರೀತಿತ್ತು. ಕಣ್ಮುಂದೆ ಬಂದಿದ್ದು ಆ ಕುರ್ಚಿ. ಕೈಯಾರೆ ಕೊಂದೆನಲ್ಲ! ಇನ್ನು ಇವರು ಮತ್ತೆ ಕಿಟಕಿಗೆ ಹೋಗ್ತಾರೆ, ಈ ಸಲ ಏಳಲ್ಲ ಅನ್ನಿಸ್ತು. ಗೋಡೆಗೆ ಒರಗಿ ಅಳೋಕೆ ಶುರು ಮಾಡ್ದೆ.

"ಅಳ್ಬೇಡ್ವೇ. ಮೋಟರಿಗೆ ಕರೆಂಟು ಕೊಡೋ ಪೆಟ್ಟಿಗೆ ಒಳಗಿದೆ, ಅದು ಬೇಗ ಒಣಗಿದ್ರೆ ಗಾಡಿ ಉಳಿಯುತ್ತೆ. ಬಿಸಿ ಬೇಕು, ಹದವಾಗಿ. ಪೆಂಡಾಲಿನ ಹಾರಾಧನನ ಹತ್ರ ಹ್ಯಾಲೊಜೆನ್ ದೀಪ ಇರುತ್ತೆ."

ಹಾರಾಧನ ಅಂದ್ರೆ ಪೂಜೆಯ ಎಲೆಕ್ಟ್ರಿಷಿಯನ್ನು. "ನಾನೇ ಹೋಗಿ ಕರ್ಕೊಂಡು ಬರ್ತೀನಿ" ಅಂದೆ.

"ನೀನಾ? ಏನಂತ ಹೇಳ್ತೀಯ? ಅವನ ಹತ್ರ ಇನ್ನೆರಡು ಬಕೆಟ್ ನೀರು ಹಾಕಿಸ್ಕೊಂಡು ಬರ್ತೀಯ ಅಷ್ಟೆ! ಸರಿ ಆಕಡೆ!"

ಅಂದವರೇ ಕೋಲು ತಗೊಂಡು ಹೊರಟೇಬಿಟ್ರು. ಸಿಟ್ಟಲ್ಲಿ ಏನು ಮಾಡ್ತಿದೀನಿ ಅಂತ ಅವರಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಾಯ್ತು. ನಾಲ್ಕು ಹೆಜ್ಜೆ ಬಿಟ್ಟು ಹಿಂದೆ ಹೋದೆ. ನಾಲ್ಕು ಮನೆ, ಆಮೇಲೆ ರಸ್ತೆ, ಆಮೇಲೆ ಪಾರ್ಕು. ನವಮಿ ಬೆಳಿಗ್ಗೆ, ಇಡೀ ಬ್ಲಾಕು ಹೊಸಬಟ್ಟೆ ಹಾಕ್ಕೊಂಡು ಪುಷ್ಪಾಂಜಲಿಗೆ ನಿಂತಿದೆ. ಇವರು ಕುಂಟ್ತಾ ಅದರ ಮಧ್ಯ ಹೋಗ್ತಿದಾರೆ. ಜನ ದಾರಿ ಬಿಟ್ರು. ಅಯ್ಯೋ ಪಾಪ ಅಂತ ಒಬ್ಬರಾದ್ರೂ ಅಂದಿದ್ರೆ ಇವರು ಅಲ್ಲಿಂದಲೇ ವಾಪಸ್ಸು ಬರ್ತಿದ್ರು. ಪೂಜಾ ಕಮಿಟಿಯ ಪರೇಶ್ ಬಾಬು ತಲೆಯೆತ್ತಿ ಅಂದಿದ್ದು ಇಷ್ಟೇ. "ಶ್ಯಾಮ್‌ದಾ, ಚಪ್ಪಲಿ ಆಚೆ ಬಿಡಿ."

ಆ ಪುಣ್ಯಾತ್ಮನ ಕಾಲಿಗೆ ಬೀಳ್ಬೇಕು ಅನ್ನಿಸ್ತು ನಂಗೆ.

ಆಮೇಲೆ ಆರು ಜನ ಬಂದು ಗಾಡೀನ ಹಾರದ ಸಮೇತ ತಳ್ಕೊಂಡು ಹೋದ್ರು. ಪೆಂಡಾಲಿನ ಹಿಂದೆ ಹಾರಾಧನ ಒಂದು ಮೊಳ ದೂರದಲ್ಲಿ ಎರಡು ದೀಪ ಕಟ್ಟಿದ. ಕಾಯೋಕೆ ಕೂರ್ಬೇಕಲ್ಲ, ಯಾರೋ ನಮ್ಮ ಮನೆಯಿಂದ ಆ ಮರದ ಕುರ್ಚೀನೇ ತಂದು ಹಾಕಿದ್ರು. ಇವರು ಅಲ್ಲೇ ಕೂತು ಪ್ರಸಾದದ ಕಿಚಡಿ ತಿಂದ್ರು, ಹಾರಾಧನನಿಗೆ ರೈಲು ಬ್ಯಾಟರಿಯ ಪಾಠ ಹೇಳಿದ್ರು. ರಾತ್ರಿ ನಡ್ಕೊಂಡು ಮನೆಗೆ, ಬೆಳಿಗ್ಗೆ ನಡ್ಕೊಂಡು ಪಾರ್ಕಿಗೆ. ದಶಮಿ ಮಧ್ಯಾಹ್ನ ವೈರು ಕೂಡಿಸಿ ಕೀಲಿ ತಿರುಗಿಸಿದಾಗ ಗಾಡಿ ಗುಯ್ ಅಂತು. ಪೂಜೆಯ ಢಾಕ್ ಡೋಲು ಬಾರಿಸೋರು ಜೋರಾಗಿ ಬಾರಿಸಿದ್ರು. ನಾನು ಅಲ್ಲೇ ದುರ್ಗೆಗೂ ಗಾಡಿಗೂ ಒಟ್ಟಿಗೆ ಕೈಮುಗಿದೆ.

ಎರಡು ದಿನ ಬಿಟ್ಟು ಪೆಂಡಾಲಿನವರು ಬಾಡಿಗೆ ಕುರ್ಚಿಗಳನ್ನ ಲಾರಿಗೆ ತುಂಬ್ತಿದ್ರು. ನಾನು ಗೇಟಲ್ಲಿ ನಿಂತಿದ್ದೆ. ರಾಶಿ ಮೇಲೆ ಕೆಂಪು ಚೌಕಳಿ ಮೆತ್ತೆ ಕಾಣ್ತು.

"ಬೌದಿ, ನಿಮ್ಮ ಕುರ್ಚಿ ಹೋಗ್ತಿದೆ!" ಅಂತ ಪರೇಶ್ ಬಾಬು ಕೂಗಿದ್ರು. ಬೌದಿ ಅಂದ್ರೆ ಅತ್ತಿಗೆ, ನಾನೇ.

"ಹೋಗ್ಲಿ ಬಿಡಿ" ಅಂದೆ.

ಸಂಜೆ ಕಿಟಕಿ ಹತ್ರ ನಿಂತು ಇವರು ಕೇಳಿದ್ರು. "ನನ್ನ ಕುರ್ಚಿ ಎಲ್ಲೇ?"

"ನಂಗೇನು ಗೊತ್ತು? ಪಾರ್ಕಲ್ಲಿ ಬಿಟ್ಟು ಬಂದೋರು ನೀವು. ಬೇಕಿದ್ರೆ ಹೋಗಿ ಹುಡುಕ್ಕೊಳ್ಳಿ."

ಗೊಣಗ್ತಾ ಕೋಲು ತಗೊಂಡು ಹೋದ್ರು. ವಾಪಸ್ಸು ಬಂದಾಗ ಊಟದ ಹೊತ್ತು ಮೀರಿತ್ತು. ಕೈಯಲ್ಲಿ ಕುರ್ಚಿ ಇರ್ಲಿಲ್ಲ, ಬಾಯಲ್ಲಿ ಪಾರ್ಕಿನ ಬಾಬುಗಳ ಸುದ್ದಿ ಇತ್ತು; ನಾನು ಸಾರು ಬಿಸಿಗಿಟ್ಟೆ.