ದೇವಿರಮ್ಮ ಕಟ್ಟಿದ ಬೇವಿನ ಸೊಪ್ಪು

ಬೀದಿಯ ತಿರುವಿನಲ್ಲೇ ಜವರಯ್ಯ ಲಗಾಮು ಎಳೆದು ಜಟಕಾ ನಿಲ್ಲಿಸಿಬಿಟ್ಟ.

"ನರ್ಸಮ್ಮ, ಆ ಬಾಗ್ಲು ನೋಡ್ರವ್ವ. ಬೇವಿನ ಸೊಪ್ಪು ಕಟ್ಟವ್ರೆ. ನನ್ ಗಾಡಿ ಮುಂದಕ್ಕೆ ಬರಾಕಿಲ್ಲ."

ಬಾಗಿಲಿಗೆ ಬೇವು ಕಟ್ಟಿದ್ದಾರೆಂದರೆ ಮನೆಗೆ ಅಮ್ಮ ಬಂದಿದ್ದಾಳೆ, ಸಿಡುಬು ಎದ್ದಿದೆ ಎಂದರ್ಥ. ಆಮೇಲೆ ಕುಂಬಾರಕೊಪ್ಪಲಿನಲ್ಲಿ ಆ ಹೊಸ್ತಿಲನ್ನು ಹೊರಗಿನವರು ಯಾರೂ ತುಳಿಯುವುದಿಲ್ಲ. ಆ ಮನೆಯ ಸೊಸೆ ಚಾಮುಂಡೇಶ್ವರಿಯನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೇ ನಾನು ಬಂದದ್ದು.

ಒಂಟಿಕೊಪ್ಪಲಿನ ನಮ್ಮ ಮಹಿಳಾ ಸಮಾಜ ಇಲ್ಲೊಂದು ಕೋಣೆ ಹಿಡಿದು ಹೆಂಗಸರಿಗೆ ಹೊಲಿಗೆ, ಅಕ್ಷರ ಕಲಿಸುತ್ತಿತ್ತು. ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹಿಂದಿನ ದಿನ ಹೊಲಿಯುತ್ತ ಕೂತಿದ್ದ ಚಾಮುಂಡಿ ಸೊಂಟ ಹಿಡಿದುಕೊಂಡಳು. ಹೊಟ್ಟೆ ಮುಟ್ಟಿ ನೋಡಿದೆ. ಮಗು ಅಡ್ಡವಾಗಿತ್ತು. ನೋವು ಜೋರಾಗುವ ಮೊದಲು ಆಸ್ಪತ್ರೆ ಸೇರದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಗಂಡ ಮಹದೇವು ಒಪ್ಪಿದ್ದ, ಆದರೆ ರಜೆ ಸಿಗದೆ ಬೆಳಗಿನ ಪಾಳಿಗೆ ಗಿರಣಿಗೆ ಹೋಗಿದ್ದ. ಅತ್ತೆ ದೇವಿರಮ್ಮ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಇಳಿದು ನಡೆದೆ. ದೇವಿರಮ್ಮ ಹೊಸ್ತಿಲಿಗೆ ಅಡ್ಡ ನಿಂತರು.

"ಬರ್ಬ್ಯಾಡಿ ನರ್ಸಮ್ಮ. ಸೊಸೆಗೆ ಅಮ್ಮ ಬಂದ್ಬುಟ್ಟವ್ಳೆ."

ಅಕ್ಕಪಕ್ಕದವರು ದೂರದಿಂದಲೇ ಕೈಮುಗಿದರು. ನಾನೂ ಮುಗಿದೆ, ಸುಳ್ಳೇಕೆ. ನರ್ಸಾದರೇನು, ನಾನೂ ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಒಳಗಿಂದ ಅದುಮಿಟ್ಟ ನರಳಾಟ ಕೇಳಿಸಿತು. ಜ್ವರದ್ದೋ ಹೆರಿಗೆಯದ್ದೋ ತಿಳಿಯಲಿಲ್ಲ. ಏನು ಮಾಡಲೂ ತೋಚದೆ ತಿರುಗಿ ಹೊರಟೇಬಿಟ್ಟಿದ್ದೆ.

ಆಗ ಮೂಗಿಗೆ ಬಡಿಯಿತು ನೋಡಿ, ಸಾಸಿವೆ, ಒಣಮೆಣಸಿನಕಾಯಿಯ ಘಾಟು. ತಿರುಗಿ ನೋಡಿದರೆ ದೇವಿರಮ್ಮನ ಕೈಯಲ್ಲಿ ಒಗ್ಗರಣೆ ಸೌಟು ಇನ್ನೂ ಹೊಗೆಯಾಡುತ್ತಿತ್ತು.

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆಯೇ? ಆ ಘಾಟು ಅಮ್ಮನಿಗೆ ಆಗದೆಂದು ಅಮ್ಮ ಇಳಿಯುವ ತನಕ ಯಾರ ಒಲೆಯ ಮೇಲೂ ಎಣ್ಣೆ ಕಾಯುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ ದೇವಿರಮ್ಮ, ಅಮ್ಮನ್ನ ಮನೇಲಿಟ್ಕೊಂಡು ಸಾರಿಗೆ ಒಗ್ಗರಣೆ ಹಾಕ್ತಿದೀರಾ?"

ಅವರ ಮುಖ ಬಿಳಿಚಿತು. ಅವರನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದೆ. ಚಾಮುಂಡಿಯ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಕಂಬ ತಬ್ಬಿ ನಿಂತಿದ್ದಳು. ನೋವು ಶುರುವಾಗಿತ್ತು.

"ಜವರಯ್ಯ, ಗಾಡಿ ತಗೊಂಡ್ಬಾ!" ಎಂದು ಕೂಗಿದೆ.

"ಅಮ್ಮ ಬಂದೋರ್ನ ಗಾಡಿಗ್ ಹತ್ತುಸ್ಕೊಂಡ್ರೆ ನನ್ ಮಕ್ಳು ಉಳ್ಕತವಾ?"

ಅದೆಲ್ಲ ಸುಳ್ಳು, ಅಮ್ಮ ಬಂದಿಲ್ಲ ಅಂದೆ. ಒಬ್ಬರೂ ಕದಲಲಿಲ್ಲ. ಬೇವು ಬಾಗಿಲಲ್ಲಿ ತೂಗುತ್ತಿರುವಾಗ ನನ್ನ ಮಾತನ್ನು ಯಾರು ನಂಬುತ್ತಾರೆ?

"ನನ್ ಮಗಳು ಹೆರ್ಗೆಗೆ ಅಂತ ಆಸ್ಪತ್ರೆಗೋದವ್ಳು ತಿರ್ಗ ಬರ್ಲಿಲ್ಲ ಕಣವ್ವ," ಎಂದರು ದೇವಿರಮ್ಮ ಗೋಡೆಗೆ ಆತುಕೊಂಡು. "ಇವ್ಳೂ ಓಗ್ಬುಟ್ರೆ?"

ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು. ಆದರೂ ಬಿಡುವಂತಿರಲಿಲ್ಲ.

"ಇಲ್ಲೇ ಇದ್ರೆ ಉಳಿಯೋದೇ ಇಲ್ಲ ಕಣಮ್ಮ. ಆ ಸೊಪ್ಪು ಕೀಳಿ. ನೀವೇ ಕೀಳ್ಬೇಕು. ನಾನು ಕಿತ್ರೆ ಯಾರೂ ಬರಲ್ಲ."

ಅಮ್ಮನ ಹೆಸರಿನಲ್ಲಿ ಸುಳ್ಳಾಡಿದೆನೆಂದು ಇಡೀ ಬೀದಿಯೆದುರು ಒಪ್ಪಿಕೊಳ್ಳುವುದು ಸಾಮಾನ್ಯವೇ? ಅವರು ಒಮ್ಮೆ ಸೊಪ್ಪನ್ನು, ಒಮ್ಮೆ ಬೀದಿಯ ಜನರನ್ನು ನೋಡಿದರು. ಅಷ್ಟರಲ್ಲಿ ಚಾಮುಂಡಿ ತಡೆಯಲಾರದೆ ಚೀರಿದಳು. ದೇವಿರಮ್ಮ ಬಾಗಿಲಿಗೆ ಓಡಿ ಸೊಪ್ಪನ್ನು ಕಿತ್ತು, ಕಣ್ಣಿಗೊತ್ತಿಕೊಂಡು ಮಡಿಲಿಗೆ ಹಾಕಿಕೊಂಡರು. ಸೌಟನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು.

"ಅಮ್ಮ ಬಂದಿಲ್ಲ ಕಣ್ರೋ! ನೋಡ್ರಿ, ಒಗ್ಗರಣೆ ಆಕಿವ್ನಿ! ಸುಳ್ಳೇಳ್ದೋಳು ನಾನು! ಬಾರೋ ಜವರಯ್ಯ!"

ಜಟಕಾ ಬಂತು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಕೂಸು. ಇಬ್ಬರೂ ಉಳಿದರು.

ಮುಂದಿನ ಬೇಸಿಗೆಯಲ್ಲಿ ಸಿಡುಬು ಬರದಂತೆ ಮಕ್ಕಳಿಗೆ ದಾಕು ಹಾಕಲು ಸಮಾಜದ ಕೋಣೆಯಲ್ಲಿ ಕೂತೆ. ಚುಚ್ಚಿಸಿಕೊಂಡರೆ ಅಮ್ಮ ಮುನಿಯುತ್ತಾಳೆಂದು ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಬೇಸರವಾಗಿ ಪೆಟ್ಟಿಗೆ ಮುಚ್ಚುತ್ತಿದ್ದೆ. ಆಗ ದೇವಿರಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಂದು ಎದುರಿಗೆ ಕೂತರು.

"ಬರ್ದೇ ಇದ್ದೋಳ್ನ ಬಂದವ್ಳೆ ಅಂದ್ಬುಟ್ಟೆ," ಎಂದು ಕೂಸಿನ ತೋಳನ್ನು ತಾವೇ ಚಾಚಿ ಹಿಡಿದರು. "ಈಗ ನಿಜ್ವಾಗ್ಲೂ ಬಂದ್ಬುಟ್ರೆ ಏನ್ಮಾಡ್ಲಿ? ಚುಚ್ರವ್ವ, ಮೊದ್ಲು ಇವ್ಳಿಗೆ ಚುಚ್ರಿ."