ಮ್ಯಾನೇಜರ್ ಜೊತೆ ಒಂದು ದಿನ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಆ ಹುಡುಗಿಯದಲ್ಲ, ಹಿಂದಿನ ಗೇಟಿನ ಕಾವಲುಗಾರನದೂ ಅಲ್ಲ. ಅವನಂತೂ ಫೈಲು ಹಿಡಿದು ಬಂದವರನ್ನೆಲ್ಲ ನನ್ನ ಕೋಣೆಗೇ ಅಟ್ಟುವ ಆಸಾಮಿ. ಹತ್ತೊಂಬತ್ತು ವರ್ಷದಲ್ಲಿ ಬದಲಾಗದವನು ಅವತ್ತೊಂದು ದಿನ ಬದಲಾಗುತ್ತಾನೆಯೇ?

ನಾನಿರುವುದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ. ಇನ್ನೂರು ಕೋಣೆಗಳ ಹಾಸು, ಹೊದಿಕೆ, ಟವೆಲು ಎಲ್ಲ ಒಗೆದು, ಒಣಗಿ, ಮಡಚಿಕೊಂಡು ಮೇಲೆ ಹೋಗುವುದು ನನ್ನ ಕಣ್ಣೆದುರಿಗೇ. ನನ್ನ ಕೈಕೆಳಗೆ ಹನ್ನೆರಡು ಜನ. ನಾದಿನಿ ಮಾತ್ರ ನೆಂಟರ ಮುಂದೆ, "ನಮ್ಮತ್ತಿಗೆ ಹೋಟ್ಲಲ್ಲಿ ಬಟ್ಟೆ ಮಡಚ್ತಾರೆ" ಎಂದು ಒಂದೇ ಮಾತಿನಲ್ಲಿ ನನ್ನನ್ನು ಮುಗಿಸಿಬಿಡುತ್ತಾಳೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಆಮೇಲೆ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತದೆ, ಅಷ್ಟೆ.

ಅವತ್ತು ಬೆಳಿಗ್ಗೆ ಎಂಟಕ್ಕೇ ಜಗಳ ಶುರುವಾಗಿತ್ತು. ಒಗೆಯುವ ಯಂತ್ರ ನೋಡಿಕೊಳ್ಳುವವನಿಗೆ ನಾವಿಟ್ಟ ಹೆಸರು ನೊರೆಯಪ್ಪ, ಇಸ್ತ್ರಿಯವನಿಗೆ ಗರಿಗರಿ.

"ಹಾಸು ಒದ್ದೆಯಾಗೇ ಬರ್ತಿದೆ, ನನ್ನ ತಲೆ ಮೇಲೆ ಹಿಂಡ್ಕೊಳ್ಲಾ?" ಎಂದು ಗರಿಗರಿ.

"ನಿನ್ನ ಇಸ್ತ್ರಿ ಸರಿಯಾಗಿ ಕಾದ್ರೆ ತಾನೇ ಒಣಗೋದು!" ಎಂದು ನೊರೆಯಪ್ಪ.

ನನಗೆ ಪಿತ್ತ ನೆತ್ತಿಗೇರಿತು. "ಇಬ್ರೂ ಬಾಯಿ ಮುಚ್ಚಿ! ಅರ್ಧ ಗಂಟೆ ಅವನ ಕೆಲಸ ನೀನು ಮಾಡು, ನಿನ್ನ ಕೆಲಸ ಅವನು ಮಾಡ್ಲಿ. ಆಮೇಲೂ ಬೈಬೇಕು ಅನ್ಸಿದ್ರೆ ನನ್ನ ಹತ್ರ ಬನ್ನಿ."

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬಳು ಹುಡುಗಿ. ಮೈಗೆ ಹೊಸ ಕೋಟು, ಎದೆಗವಚಿದ ಫೈಲು, ಹೆಜ್ಜೆಗೊಮ್ಮೆ ಕಿರುಗುಟ್ಟುವ ಶೂ.

"ನಮಸ್ಕಾರ ಮೇಡಂ. ಯೂನಿವರ್ಸಿಟಿಯಿಂದ ಬಂದಿದೀನಿ, ಬಿಸಿನೆಸ್ ಓದ್ತಿದೀನಿ. ಇವತ್ತು ಪೂರ್ತಿ ನಿಮ್ಮ ಜೊತೆ ಇರ್ಬೇಕಂತೆ."

ಮೇಲಿನವರು ಯಾರೋ ನಮ್ಮ ಕೋಣೆ ನೋಡಿಕೊಂಡು ಬಾ ಎಂದು ಕಳಿಸಿರಬೇಕು ಎಂದುಕೊಂಡೆ. "ಇರಮ್ಮ. ಆದ್ರೆ ತಳ್ಳುಗಾಡಿಗೆ ಅಡ್ಡ ನಿಲ್ಬೇಡ" ಎಂದೆ.

ಅಡ್ಡ ನಿಲ್ಲಲಿಲ್ಲ, ಆದರೆ ಬಾಲದ ಹಾಗೆ ಹಿಂದೆಯೇ ಬಂದಳು. ಅರ್ಧ ಗಂಟೆಯಾದ ಮೇಲೆ ನೊರೆಯಪ್ಪನೂ ಗರಿಗರಿಯೂ ತುಟಿಪಿಟಕ್ಕೆನ್ನದೆ ತಮ್ಮ ತಮ್ಮ ಜಾಗಕ್ಕೆ ಹೋದರು. ಒಬ್ಬನು ಯಂತ್ರಕ್ಕೆ ಸ್ವಲ್ಪ ಕಡಿಮೆ ಬಟ್ಟೆ ತುಂಬಿದ, ಇನ್ನೊಬ್ಬನು ಇಸ್ತ್ರಿ ಇನ್ನೂ ಸ್ವಲ್ಪ ಹೊತ್ತು ಕಾಯಲು ಬಿಟ್ಟ. ಅವಳು ಪುಸ್ತಕ ತೆಗೆದು ಬರೆದುಕೊಂಡಳು.

"ಮೇಡಂ, ಆ ಕಪಾಟಿನ ಹಾಸುಗಳು ಒಗೆದು ರೆಡಿ ಇವೆಯಲ್ಲ, ಯಾಕೆ ಮೇಲೆ ಕಳಿಸ್ತಿಲ್ಲ?"

"ಅವು ನಿನ್ನೆ ಒಗೆದಿದ್ದು. ಇವತ್ತು ಸುಧಾರಿಸ್ಕೊಳ್ತಿವೆ. ಒಂದು ಜೊತೆ ಮಂಚದ ಮೇಲೆ, ಒಂದು ಜೊತೆ ನೀರಲ್ಲಿ, ಒಂದು ಜೊತೆ ಕಪಾಟಲ್ಲಿ. ದಿನಾ ಒಗೆದು ದಿನಾ ಹಾಸಿದ್ರೆ ಬೇಗ ಹರಿದುಹೋಗುತ್ತೆ. ಬಟ್ಟೆಗೂ ರಜೆ ಬೇಕಮ್ಮ."

ಅದನ್ನೂ ಬರೆದುಕೊಂಡಳು! ಹತ್ತೊಂಬತ್ತು ವರ್ಷದಲ್ಲಿ 'ಎಷ್ಟಾಯ್ತು', 'ಯಾವಾಗ ಆಗುತ್ತೆ' ಎಂದು ಕೇಳಿದವರಿಗೆ ಲೆಕ್ಕವಿಲ್ಲ. 'ಯಾಕೆ' ಎಂದು ಕೇಳಿದವಳು ಇವಳೊಬ್ಬಳೇ. ನಿಜ ಹೇಳುತ್ತೇನೆ, ಒಳಗೊಳಗೇ ಉಬ್ಬಿಹೋದೆ.

ಹತ್ತು ಗಂಟೆಗೆ ಅವಳು ಕೈ ತೊಳೆಯಲು ಹೋದಾಗ ಮೇಜಿನ ಮೇಲೆ ಫೈಲು ತೆರೆದೇ ಇತ್ತು. ಕಣ್ಣು ತಾನಾಗಿ ಅತ್ತ ಹೋಯಿತು. 'ಮ್ಯಾನೇಜರ್ ಜೊತೆ ಒಂದು ದಿನ' ಎಂದು ದಪ್ಪ ಅಕ್ಷರ. ಕೆಳಗೆ, ಹೋಟೆಲಿನ ಮ್ಯಾನೇಜರರ ಸಹಿ, ಮೊಹರಿಗೆ ಖಾಲಿ ಜಾಗ. ಸಂಜೆ ಐದೂವರೆಯೊಳಗೆ ಯೂನಿವರ್ಸಿಟಿಯ ವಿಭಾಗಕ್ಕೆ ಒಪ್ಪಿಸದಿದ್ದರೆ ಆರು ವಾರದ ತರಬೇತಿಗೆ ಅವಕಾಶವಿಲ್ಲ.

ಮ್ಯಾನೇಜರ್ ಸಾಹೇಬರು ಕೂರುವುದು ಮೂರನೇ ಮಹಡಿಯಲ್ಲಿ. ಈ ಹುಡುಗಿ ನನ್ನ ಗದರಾಟ ಕೇಳಿ, ಇಷ್ಟು ಜೋರು ಮಾಡುವವಳು ಮ್ಯಾನೇಜರೇ ಇರಬೇಕು ಎಂದುಕೊಂಡಿದ್ದಳು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳು ಬಂದು, "ಮೇಡಂ, ಈ ಬಣ್ಣದ ಬಟ್ಟೆ ತುಂಡುಗಳು ಯಾಕೆ?" ಎಂದಳು. ಹಾಳು ಆಸೆ ನನ್ನದು! ಫೈಲು ಮುಚ್ಚಿ ಪಕ್ಕಕ್ಕಿಟ್ಟು, ತುಂಡುಗಳ ಕಥೆ ಹೇಳತೊಡಗಿದೆ.

ಗಿರಾಕಿಗಳು ಬಿಳಿ ಟವೆಲಿನಲ್ಲಿ ಬೂಟು ಒರೆಸುತ್ತಾರೆ. ಪಾಲಿಶ್ ಕಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಬೇಡವೆಂದು ಬೋರ್ಡು ಹಾಕಿದರೆ ಬೋರ್ಡಿನ ಕೆಳಗೇ ನಿಂತು ಒರೆಸುತ್ತಾರೆ. ಎರಡು ವರ್ಷದ ಹಿಂದೆ ನಾನು ಹರಿದ ಹಾಸುಗಳಿಗೆ ಕಂದು ಬಣ್ಣ ಹಾಕಿ, ಕತ್ತರಿಸಿ, ಪ್ರತಿ ಕೋಣೆಯ ಬಾಗಿಲ ಬಳಿ ಒಂದೊಂದು ನೇತುಹಾಕಿಸಿದೆ. ಹಾಳಾಗುವ ಟವೆಲು ಅರ್ಧಕ್ಕರ್ಧ ಇಳಿಯಿತು. ರಿಜಿಸ್ಟರ್ ತೆಗೆದು ಅವಳಿಗೆ ಲೆಕ್ಕವನ್ನೂ ತೋರಿಸಿದೆ.

"ಇದಕ್ಕೆ ಯಾರ ಅನುಮತಿ ತಗೊಂಡ್ರಿ ಮೇಡಂ?"

"ಹರಿದ ಬಟ್ಟೆ ಕತ್ತರಿಸೋಕೆ ಅನುಮತಿ ಬೇರೆ ಕೇಡು!"

ಅವಳು ನಕ್ಕಳು. ನಾನೂ ನಕ್ಕೆ. ಮಧ್ಯಾಹ್ನ ಡಬ್ಬಿ ಹಂಚಿಕೊಂಡು ತಿಂದೆವು. ಮೂರನೇ ಮಹಡಿಯ ಮಾತು ಮಾತ್ರ ಎತ್ತಲಿಲ್ಲ.

ನಾಲ್ಕು ಗಂಟೆಗೆ ಅವಳು ಫಾರಂ ಮುಂದಿಟ್ಟು ಪೆನ್ನು ಕೊಟ್ಟಳು. "ಇಲ್ಲಿ ಸಹಿ ಮೇಡಂ. ಮೊಹರು ಎಲ್ಲಿದೆ?"

ಪೆನ್ನು ಮೇಜಿನ ಮೇಲಿಟ್ಟೆ. "ನಾನು ಮ್ಯಾನೇಜರ್ ಅಲ್ಲಮ್ಮ. ಬಟ್ಟೆ ಕೋಣೆ ಸೂಪರ್‌ವೈಸರ್. ಅವರು ಮೂರನೇ ಮಹಡೀಲಿದಾರೆ."

ಅವಳ ಮುಖದ ಬಣ್ಣವೇ ಇಳಿಯಿತು. "ನಿಮಗೆ ಯಾವಾಗ ಗೊತ್ತಾಯ್ತು?"

"ಹತ್ತು ಗಂಟೆಗೆ."

"ಹತ್ತಕ್ಕೇ ಹೇಳ್ಬಹುದಿತ್ತಲ್ಲ! ಇದೊಂದು ತರಬೇತಿಗಾಗಿ ಇಡೀ ವರ್ಷ ಕಾದಿದೀನಿ ನಾನು!" ಕಣ್ಣಲ್ಲಿ ನೀರು ತುಂಬಿತ್ತು.

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕ್ಷಮೆ ಕೇಳುತ್ತ ಕೂರಲು ಹೊತ್ತಿರಲಿಲ್ಲ. ಅವಳ ಕೈ ಹಿಡಿದು ಲಿಫ್ಟಿಗೆ ನಡೆದೆ.

ಸಾಹೇಬರು ಮುಖ ಗಂಟಿಕ್ಕಿಕೊಂಡಿದ್ದರು. "ಎಂಟು ಗಂಟೆಯಿಂದ ಕಾದೆ. ಗೈರುಹಾಜರಿ ಅಂತ ಯೂನಿವರ್ಸಿಟಿಗೆ ಬರೆಯೋನಿದ್ದೆ" ಎಂದರು.

"ತಪ್ಪು ನಂದು ಸರ್. ಗೊತ್ತಿದ್ದೂ ಕೆಳಗೇ ಇಟ್ಕೊಂಡೆ. ಬೈಯೋದಿದ್ರೆ ನನಗೆ ಬೈರಿ."

ಅವರು ಹುಡುಗಿಯತ್ತ ತಿರುಗಿದರು. "ಇಡೀ ದಿನ ಅಲ್ಲಿ ಏನು ಕಲಿತೆ?"

ಅವಳು ಕಣ್ಣೊರೆಸಿಕೊಂಡು ಪುಸ್ತಕ ತೆರೆದಳು. ಜಾಗ ಬದಲಾಯಿಸಿದ ಜಗಳ, ಕಪಾಟಿನ ರಜೆ, ಕಂದು ತುಂಡುಗಳು. ಟವೆಲಿನ ಸುದ್ದಿ ಬಂದಾಗ ಸಾಹೇಬರು ಕೈ ಎತ್ತಿ ತಡೆದರು.

"ಅದು ನಾನು ಹೊಸ ಕಂಪನಿ ಟವೆಲು ತರಿಸಿದ್ದರಿಂದ. ಮುಖ್ಯ ಕಚೇರಿಗೆ ಹಾಗೇ ಬರೆದಿದೀನಿ."

ಹುಡುಗಿ ನನ್ನತ್ತ ನೋಡಲಿಲ್ಲ. "ಇಲ್ಲ ಸರ್. ಕೆಳಗೆ ರಿಜಿಸ್ಟರ್ ನೋಡಿದೆ. ಹೊಸ ಟವೆಲು ಬಂದಿದ್ದು ಹೋದ ವರ್ಷ. ತುಂಡು ನೇತುಹಾಕಿದ್ದು ಅದಕ್ಕೂ ಮೊದಲು. ಕಲೆ ಇಳಿದಿದ್ದು ಆಗಲೇ" ಎಂದಳು.

ಸಹಿ ಹಾಕಬೇಕಾದವರ ಎದುರಿಗೇ ಹೀಗೆ ಹೇಳುವುದೇ! ನನಗಾಗಿ ತನ್ನ ಆರು ವಾರವನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದಾಳಲ್ಲ ಎಂದುಕೊಂಡೆ.

ಸಾಹೇಬರು ಅವಳ ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು ಓದಿದರು. ಆಮೇಲೆ ನನಗೆ, "ಎರಡು ವರ್ಷ ನನಗೆ ಯಾಕೆ ಹೇಳ್ಲಿಲ್ಲ?" ಎಂದರು.

"ನೀವು ಕೆಳಗೆ ಬಂದಿದ್ರೆ ಹೇಳ್ತಿದ್ದೆ ಸರ್."

ಅವರು ಫಾರಂ ಎಳೆದುಕೊಂಡರು. "ನನ್ನ ಜೊತೆ ದಿನ ಕಳೆದಳು ಅಂತ ನಾನು ಸಹಿ ಹಾಕೋಕಾಗಲ್ಲ. ಅದು ಸುಳ್ಳಾಗುತ್ತೆ." 'ಮ್ಯಾನೇಜರ್' ಎಂಬಲ್ಲಿ ಅಡ್ಡಗೆರೆ ಎಳೆದು ಪೆನ್ನು ನನ್ನತ್ತ ಚಾಚಿದರು. "ಯಾರ ಜೊತೆ ಕಳೆದಳೋ ಅವರು ಹಾಕ್ಲಿ. ಮೊಹರು ನಾನು ಒತ್ತುತ್ತೀನಿ."

ದಿನಕ್ಕೆ ಇಪ್ಪತ್ತು ಸಹಿ ಹಾಕುವ ಕೈ ನನ್ನದು. ಅವತ್ತಿನದನ್ನು ಮಾತ್ರ ಅಕ್ಷರ ಬಿಡಿಸಿ ಬರೆದೆ, ಸಾಹೇಬರು ಮೊಹರು ಒತ್ತಿದರು. ಹುಡುಗಿ ಫಾರಂ ಕಿತ್ತುಕೊಂಡು ಕಿರುಗುಟ್ಟುವ ಶೂನಲ್ಲೇ ಓಡಿದಳು. ಧನ್ಯವಾದವನ್ನೂ ಹೇಳಲಿಲ್ಲ. ಸಿಟ್ಟು ಹೋಗಿಲ್ಲ ಎಂದುಕೊಂಡೆ. ಅಡ್ಡಗೆರೆ ಎಳೆದ ಫಾರಂ ಯಾರು ಒಪ್ಪುತ್ತಾರೆ ಎಂಬ ಚಿಂತೆಯಲ್ಲಿ ಎರಡು ವಾರ ಮನೆಯಲ್ಲಿ ಯಾರಿಗೂ ನೆಟ್ಟಗೆ ಉತ್ತರ ಕೊಡಲಿಲ್ಲ. ನಾದಿನಿ ಕೂಡ ನನ್ನ ತಂಟೆಗೆ ಬರಲಿಲ್ಲ.

ಮೂರನೇ ವಾರದ ಸೋಮವಾರ ಎಂಟು ಗಂಟೆಗೆ ಮತ್ತೆ ಅದೇ ಕಿರುಗುಟ್ಟುವ ಸದ್ದು. ಬಾಗಿಲಲ್ಲಿ ಅವಳು. ಕೈಯಲ್ಲಿ ತರಬೇತಿಯ ಆದೇಶ, ಆರು ವಾರ, ನಮ್ಮದೇ ಹೋಟೆಲು.

ಖುಷಿಯಾಯಿತು. ತೋರಿಸಿಕೊಳ್ಳದೆ ಗದರಿದೆ, "ಮ್ಯಾನೇಜರ್ ಆಫೀಸು ಮೂರನೇ ಮಹಡಿ. ಈ ಸಲವಾದ್ರೂ ಮುಂದಿನ ಬಾಗಿಲಿಂದ ಹೋಗು."

"ಗೊತ್ತು ಮೇಡಂ. ಅಲ್ಲಿಗೆ ಹೋಗೇ ಬಂದೆ. ಎಲ್ಲಿಂದ ಶುರು ಮಾಡ್ತೀಯಾ ಅಂತ ಸರ್ ಕೇಳಿದ್ರು. ನಾನು ಇಲ್ಲಿಂದ ಅಂದೆ."

ಗೂಟದಿಂದ ಒಂದು ಕೆಲಸದ ಅಂಗಿ ತೆಗೆದುಕೊಟ್ಟೆ. ತೋಳು ಉದ್ದವಾಯಿತು. ಮಡಚಿಕೋ ಎಂದೆ.