ಆಮೇಲೆ ಡಾಕ್ಟರು

ನಮ್ಮ ಬೀದಿಯ ಮಕ್ಕಳ ವೈದ್ಯರಿಗೆ ಯಾವ ಸಿಹಿಸುದ್ದಿಯೂ ಪೂರ್ತಿ ರುಚಿಸುತ್ತಿರಲಿಲ್ಲ. 'ಜ್ವರ ಬಿಡ್ತು ಡಾಕ್ಟ್ರೇ' ಎಂದು ತಾಯಿಯೊಬ್ಬಳು ಮುಖವರಳಿಸಿ ಹೇಳಿದರೆ, ಕನ್ನಡಕವನ್ನು ಹಣೆಗೇರಿಸಿ, 'ಸರಿ, ಆಮೇಲೆ?' ಎನ್ನುತ್ತಿದ್ದರು. 'ಚೆನ್ನಾಗಿ ತಿಂತಿದಾನೆ' ಎಂದರೂ 'ಆಮೇಲೆ?' ಹೀಗಾಗಿ ಅವರ ನಿಜನಾಮಧೇಯ ಬಾಗಿಲ ಫಲಕದಲ್ಲಷ್ಟೇ ಉಳಿದು, ಜನರ ಬಾಯಲ್ಲಿ ಅವರು ಆಮೇಲೆ ಡಾಕ್ಟರಾದರು.

ಮಂಡಿನೋವಿನಿಂದ ತುಸು ವಾಲಿ ನಡೆಯುವ ಆ ಸ್ಥೂಲಕಾಯ, ಎಂದೋ ಬಿಳಿಯಾಗಿದ್ದ ಆ ಕೋಟು, ಮಗುವಿನ ಎದೆಗಿಡುವ ಮೊದಲು ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುವ ಆ ತಾಳ್ಮೆ, ನೆನೆದರೆ ಇಂದಿಗೂ ಮನಸ್ಸು ತುಂಬಿಬರುತ್ತದೆ. ಅವರದೊಂದು ವಿಲಕ್ಷಣ ಹಠವಿತ್ತು: ವೈರಸ್ ಜ್ವರದಿಂದ ಎದ್ದ ಮಗುವನ್ನು, ಅದು ಕುಣಿದು ಕುಪ್ಪಳಿಸುತ್ತಿದ್ದರೂ, ತಿಂಗಳೊಳಗೆ ಮತ್ತೊಮ್ಮೆ ತಂದು ತೋರಿಸಲೇಬೇಕು. ನನ್ನ ಮಗಳು ಅಂಥ ಜ್ವರದಿಂದ ಎದ್ದಾಗಲೂ ಅದನ್ನೇ ಹೇಳಿ ಕಳಿಸಿದರು. 'ಹುಷಾರಾಗಿರೋ ಮಗೂನ ಕರ್ಕೊಂಡು ಹೋಗೋಕೆ ನಮಗೇನು ತಲೆ ಕೆಟ್ಟಿದೆಯಾ?' ಎಂದರು ನನ್ನ ಅತ್ತೆ. ಮನೆಮಂದಿಯೆಲ್ಲ ನಕ್ಕೆವು.

ಕೆಲವು ವಾರಗಳ ಬಳಿಕ ಮಗಳಿಗೆ ಮತ್ತೆ ಜ್ವರ, ಹೊಟ್ಟೆನೋವು. 'ಮೈ ತುಂಬಿಕೊಳ್ಳಲಿ ಅಂತ ನಾನೇ ಜಾಸ್ತಿ ತಿನ್ನಿಸಿಬಿಟ್ಟೆ, ಅಜೀರ್ಣ ಅಷ್ಟೇ' ಎಂದು ಅತ್ತೆ ಕೈಕೈ ಹಿಸುಕಿಕೊಳ್ಳುತ್ತಿದ್ದಾಗಲೇ, ನಮ್ಮನ್ನು ಕಾದು ಕಾದು ಬೇಸತ್ತ ವೈದ್ಯರು ತಾವೇ ಏದುಸಿರು ಬಿಡುತ್ತ ಬಂದರು. ಅವಳ ಕೆಂಡದಂಥ ಕಣ್ಣು, ಕೆಂಪೇರಿದ ನಾಲಿಗೆ, ಊದಿದ ಅಂಗೈಗಳನ್ನು ನೋಡಿ, ಎದೆಬಡಿತವನ್ನು ಬಹಳ ಹೊತ್ತು ಆಲಿಸಿದರು.

'ಅಜೀರ್ಣ ಅಲ್ಲಮ್ಮ. ವೈರಸ್ ಹೋಯ್ತು, ಆದ್ರೆ ಅದರ ಮೇಲೆ ಸಿಟ್ಟಿಗೆದ್ದ ಮೈ ಇನ್ನೂ ತಣ್ಣಗಾಗಿಲ್ಲ. ಒಳಗೆಲ್ಲ ಉರಿಯೂತ. ಹೃದಯ ಸೋಲೋ ಮೊದ್ಲು ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ಏಳಿ!'

ಮಗಳನ್ನು ಎತ್ತಿಕೊಂಡು ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವಳ ನಾಡಿ ಹಿಡಿದು ಕೂತಿದ್ದರು ಆ ಪುಣ್ಯಾತ್ಮ. ಹೃದಯ ಆಗಲೇ ದಣಿದಿತ್ತು, ಆದರೆ ಕೈಮೀರಿರಲಿಲ್ಲ. ಮಗಳು ಉಳಿದಳು. ಆಮೇಲೆ ತಿಂಗಳುಗಟ್ಟಲೆ ಅವಳು ಓಡುವಂತಿರಲಿಲ್ಲ.

ಕೊನೆಯ ಸ್ಕ್ಯಾನ್ ನೋಡಿದ ದಿನ, ತಮ್ಮ ಕ್ಲಿನಿಕ್ಕಿನ ಪಡಸಾಲೆಯಲ್ಲಿ ನಿಂತು, 'ಓಡು ಪುಟ್ಟಿ' ಎಂದರು.

'ನೀವೂ ಬನ್ನಿ ತಾತ!'

ಅಯ್ಯೋ, ಓಡಿಯೇಬಿಟ್ಟರು! ಅತ್ತೆ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು.

ಅವರು ತೀರಿಕೊಂಡು ವರ್ಷಗಳಾದವು. ಆ ಜಾಗದಲ್ಲೀಗ ಚಪ್ಪಲಿ ಅಂಗಡಿಯಿದೆ. ಗೆದ್ದೆವೆಂದು ಎಲ್ಲರೂ ಎದ್ದುಹೋದ ಮೇಲೂ ಕಾವಲು ಬಿಡದ ಇಂಥವರನ್ನು ಲೋಕ ಗೇಲಿ ಮಾಡುತ್ತಲೇ ಇರುತ್ತದೆ, ಏಕೆಂದರೆ ಅವರು ತಡೆದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು, ಮೆಟ್ಟಿಲುಗಳ ಮೇಲೆ ಧಡಧಡನೆ ಓಡಿ ನನ್ನಿಂದ ಬೈಸಿಕೊಳ್ಳುವ ಒಬ್ಬ ಹುಡುಗಿ ಮಾತ್ರ.